ನಾಲ್ಕನೇ ದಿನದ ಪಿಚ್

"ಬಲಗಡೆ ತಿರುಗಿ," ಎಂದಳು ರೋಲರಣ್ಣನ ಹೆಂಡತಿ. ಅವನ ಹೆಣ ಹೊತ್ತಿದ್ದ ನಾಲ್ವರೂ ರಸ್ತೆ ಕೂಡುವಲ್ಲಿ ನಿಂತರು.

ಮುಂದುಗಡೆ ಹೆಗಲು ಕೊಟ್ಟಿದ್ದ ಕ್ಲಬ್ಬಿನ ಕಾರ್ಯದರ್ಶಿ ತಿರುಗಿ ನೋಡಿದ. ಸ್ಮಶಾನ ನೇರಕ್ಕಿತ್ತು. ಬಲಗಡೆ ಇದ್ದದ್ದು ಮೈದಾನ, ರೋಲರಣ್ಣ ನಲವತ್ತು ವರ್ಷ ಪಿಚ್ ನೋಡಿಕೊಂಡ ಜಾಗ.

"ಅತ್ತಿಗೆ, ಅದು ಸುತ್ತು ದಾರಿ. ಬಿಸಿಲು ಬೇರೆ."

"ಇರಲಿ ಬಿಡಪ್ಪ. ಮೂರು ದಿನ ಮಲಗಿದಲ್ಲೇ ನಿನ್ನ ಬಾಯಲ್ಲಿ ಸ್ಕೋರು ಕೇಳಿದಾರೆ. ಇವತ್ತು ಕೊನೇ ದಿನದ ಆಟ. ಗೇಟಿನ ಹತ್ರ ಒಂದು ಗಳಿಗೆ ನಿಂತು ಹೋಗ್ಲಿ."

ಇನ್ನೊಂದು ಹೆಗಲು ಕೊಟ್ಟಿದ್ದ ತಂಡದ ಸ್ಪಿನ್ನರ್ ಪಿಸುಗುಟ್ಟಿದ. "ನನಗೆಷ್ಟು ವಿಕೆಟ್ ಕೊಟ್ಟಿದ್ದೆ?"

"ನಿನ್ನೆ ಸಂಜೆವರೆಗೆ ಒಂದು."

"ಒಂದೇನಾ? ಸುಳ್ಳು ಹೇಳೋದ್ರಲ್ಲೂ ಜಿಪುಣತನವಲ್ಲೋ!"

*

ಸಮಿತಿಯ ಸಭೆ ಹತ್ತೇ ನಿಮಿಷದಲ್ಲಿ ಮುಗಿದಿತ್ತು. ನಾಲ್ಕು ದಿನ ಕೂತು ನೋಡುವ ವ್ಯವಧಾನ ಯಾರಿಗಿದೆ? ವರ್ಷಕ್ಕೊಂದು ಉಳಿದಿದ್ದ ನಾಲ್ಕು ದಿನದ ಪಂದ್ಯವನ್ನೂ ಕೈಬಿಟ್ಟು ಇಪ್ಪತ್ತು ಓವರಿನ ಆಟವನ್ನೇ ಇಟ್ಟುಕೊಳ್ಳೋಣ ಎಂದು ಎಲ್ಲರೂ ಕೈಯೆತ್ತಿದರು. ಕಾರ್ಯದರ್ಶಿಯೂ ಎತ್ತಿದ. ಅದೇ ಮೈದಾನದಲ್ಲಿ ಒಂದು ಕಾಲಕ್ಕೆ ಇಡೀ ದಿನ ಔಟಾಗದೆ ನಿಂತಿದ್ದವನು. ವಿಷಯವನ್ನು ರೋಲರಣ್ಣನ ಕಿವಿಗೆ ಹಾಕುವ ಕೆಲಸ ಅವನ ಪಾಲಿಗೇ ಬಂತು.

ಹೋದಾಗ ರೋಲರಣ್ಣ ಪಿಚ್ ಪಕ್ಕ ಮಂಡಿಯೂರಿ, ಚಾಕು ಚುಚ್ಚಿ ಮಣ್ಣಿನ ಹಸಿ ನೋಡುತ್ತಿದ್ದ.

"ನಾಲ್ಕನೇ ದಿನ ನೋಡು, ಇಲ್ಲಿ ಬಿರುಕು ಬಿಡುತ್ತೆ," ಎಂದು ಬೆರಳಿಟ್ಟು ತೋರಿಸಿದ. "ಇಲ್ಲಿ ಚೆಂಡು ಬಿದ್ರೆ ಆಡೋನು ಯಾರಿದಾನೆ?"

ನಾಳೆ ಹೇಳಿದರಾಯಿತು ಎಂದುಕೊಂಡ ಕಾರ್ಯದರ್ಶಿ. ಹನ್ನೆರಡು ದಿನ ಹಾಗೇ ಅಂದುಕೊಂಡ. ಆ ಹನ್ನೆರಡು ದಿನವೂ ಮುದುಕ ರೋಲರ್ ಎಳೆದ. ಪಂದ್ಯ ಶುರುವಾಗಬೇಕಿದ್ದ ಹಿಂದಿನ ಸಂಜೆ, ಪಿಚ್ ಸಿದ್ಧವಾದ ಮೇಲೆ, ರೋಲರಿನ ಪಕ್ಕದಲ್ಲೇ ಕುಸಿದ.

ಹಾಸಿಗೆ ಹಿಡಿದವನು ಮರುದಿನ ಮೊದಲು ಕೇಳಿದ್ದು ಟಾಸ್ ಯಾರು ಗೆದ್ದರು ಎಂದು. "ನಾವೇ ಅಣ್ಣ," ಎಂದುಬಿಟ್ಟ ಕಾರ್ಯದರ್ಶಿ. ಅಲ್ಲಿಂದ ಮೂರು ಸಂಜೆ ಅಳೆದು ತೂಗಿ ಸ್ಕೋರು ಹೇಳಿದ. ರನ್ನು ಕಡಿಮೆಯಾದರೆ ಪಿಚ್‌ಗೆ ಅವಮಾನ, ಜಾಸ್ತಿಯಾದರೆ ಮುದುಕ ನಂಬುವುದಿಲ್ಲ. ಸುಳ್ಳು ಅಷ್ಟು ಸಲೀಸಾಗಿ ಬಂದದ್ದೇ ಈಗ ಅವನನ್ನು ಒಳಗೊಳಗೇ ತಿನ್ನುತ್ತಿತ್ತು.

*

ಗೇಟು ತೆರೆದಿತ್ತು. ಮೈದಾನದಲ್ಲಿ ನರಪಿಳ್ಳೆಯೂ ಇರಲಿಲ್ಲ.

"ಊಟಕ್ಕೆ ಹೋಗಿದಾರಾ?" ರೋಲರಣ್ಣನ ಹೆಂಡತಿ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು.

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಸ್ಪಿನ್ನರ್ ಕಣ್ಣಲ್ಲೇ ಹಾಗನ್ನು ಎಂದ.

"ಇಲ್ಲ ಅತ್ತಿಗೆ," ಎಂದ ಕಾರ್ಯದರ್ಶಿ. "ಪಂದ್ಯ ನಡೀಲೇ ಇಲ್ಲ. ಮುಂಚೇನೇ ನಿಲ್ಲಿಸಿಬಿಟ್ಟಿದ್ವಿ. ಅಣ್ಣಂಗೆ ಹೇಳೋಕೆ ನನಗೆ ಬಾಯಿ ಬರ್ಲಿಲ್ಲ."

ಅವಳು ಅವನತ್ತ ತಿರುಗಿದಳು.

"ಹೇಳಿದ್ರೆ ಆ ರೋಲರ್ ಎಳೀತಿರ್ಲಿಲ್ಲ, ಅಲ್ವಾ?"

ಅವನು ತಲೆ ತಗ್ಗಿಸಿದ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಹೊತ್ತವರಿಗೆ ಹೇಳಿದಳು: "ಒಳಗೆ ಕರ್ಕೊಂಡು ಹೋಗಿ. ಪಿಚ್ ಮೇಲೆ ಮಾತ್ರ ಕಾಲಿಡಬೇಡಿ, ಅವರಿಗೆ ಆಗೋದಿಲ್ಲ."

ನಾಲ್ವರೂ ಪಿಚ್ ಬಳಸಿಕೊಂಡು ನಡೆದರು. ಒಂದು ಚೆಂಡೂ ಬೀಳದ ಪಿಚ್ ಬಿಸಿಲಿಗೆ ಬೆಳ್ಳಗೆ ಒಣಗಿತ್ತು. ರೋಲರಣ್ಣ ಬೆರಳಿಟ್ಟು ತೋರಿಸಿದ್ದ ಜಾಗದಲ್ಲಿ, ಬೆರಳು ತೂರುವಷ್ಟು ಅಗಲಕ್ಕೆ ಬಿರುಕು ಬಿಟ್ಟಿತ್ತು.