ವಾರಕ್ಕೆ ನೂರು ಗ್ರಾಂ

ಬೂಟು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಕ್ಕ ಒಲೆ ಮುಂದೆ ನಿಂತು ಇಪ್ಪತ್ತೆರಡು ವರ್ಷವಾಗಿತ್ತು. ಇನ್ನೂರು ಜನರ ಮಧ್ಯಾಹ್ನದ ಊಟ ಅವಳ ಕೈಯಲ್ಲಿ. ಉಪ್ಪನ್ನು ಅವಳು ಎಂದೂ ಅಳೆದವಳಲ್ಲ. ಹಿಡಿ ತುಂಬ ತೆಗೆದು ಹಂಡೆಗೆ ಎರಚಿದರೆ ಮುಗಿಯಿತು, ಒಂದು ಹರಳು ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಹೊಲಿಗೆ ವಿಭಾಗದ ಮೇಸ್ತ್ರಿಯನ್ನು ಎಲ್ಲರೂ 'ಮೀಸೆ' ಎನ್ನುತ್ತಿದ್ದರು. ಯಾವುದನ್ನೂ ಸುಲಭಕ್ಕೆ ಹೊಗಳುವ ಆಸಾಮಿಯಲ್ಲ. ಅಂಥವನೇ ಒಮ್ಮೆ, "ಅಕ್ಕನ ಕೈಗೆ ಕಣ್ಣಿದೆ ಕಣ್ರೋ" ಎಂದಿದ್ದ. ಆ ಮಾತು ಅವಳಿಗೆ ಪದಕವಿದ್ದ ಹಾಗೆ.

ಆ ವರ್ಷದ ತಪಾಸಣೆಯಲ್ಲಿ ಕಾರ್ಖಾನೆಯ ನರ್ಸಮ್ಮ ಅವಳ ತೋಳಿಗೆ ಪಟ್ಟಿ ಸುತ್ತಿದರು. ಬಿಚ್ಚಿದರು. ಮತ್ತೆ ಸುತ್ತಿದರು.

"ತಲೆನೋವು ಬರುತ್ತಾ ಅಕ್ಕ?"

"ಒಲೆ ಮುಂದೆ ನಿಂತವರಿಗೆ ತಲೆನೋವು ಬರದೆ ಇರುತ್ತಾ?"

"ಇದು ಒಲೆ ತಂದಿದ್ದಲ್ಲ. ಬಿಪಿ ನೂರ ಎಪ್ಪತ್ತೆರಡಿದೆ."

ಡಾಕ್ಟರು ಒಂದು ಮಾತ್ರೆ ಬರೆದುಕೊಟ್ಟರು. ಜೊತೆಗೆ, ಉಪ್ಪು ಅರ್ಧಕ್ಕರ್ಧ ಇಳಿಸಬೇಕು ಎಂದರು. ಮನೆಯಲ್ಲಿ ಈ ಸುದ್ದಿ ಹೇಳಿದಾಗ ಕೊಳಾಯಿ ರಿಪೇರಿ ಮಾಡುವ ಅವಳ ಗಂಡ ನಕ್ಕುಬಿಟ್ಟ.

"ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅಂತ ಸುಮ್ನೆ ಹೇಳಿದ್ದಾರಾ?"

"ನಮ್ಮ ತಾಯಿ ಇದೇ ಬಿಪಿಯಿಂದ ಐವತ್ತೆರಡಕ್ಕೆ ಹಾಸಿಗೆ ಹಿಡಿದಳು ಕಣ್ರೀ" ಎಂದಳು ಅಕ್ಕ. "ನನಗೀಗ ಐವತ್ತೊಂದು."

ಅವನು ನಗು ನಿಲ್ಲಿಸಿದ.

ಮರುದಿನದಿಂದ ಅವಳು ಮನೆಯಲ್ಲಿ ಉಪ್ಪನ್ನೇ ಬಿಟ್ಟಳು. ಬೇಯಿಸಿದ ತರಕಾರಿ ಬಾಯಲ್ಲಿ ಮರದ ಹೊಟ್ಟಿನ ಹಾಗೆ ಸುತ್ತುತ್ತಿತ್ತು. ನಾಲ್ಕು ದಿನ ಹಲ್ಲು ಕಚ್ಚಿ ನುಂಗಿದಳು. ಐದನೆಯ ದಿನ ಮಧ್ಯಾಹ್ನ ಮೂರು ಗಂಟೆಗೆ, ಎಲ್ಲರ ಊಟ ಮುಗಿದು ಹೊಟ್ಟೆ ಚುರುಗುಟ್ಟುತ್ತಿದ್ದಾಗ, ಉಗ್ರಾಣಕ್ಕೆ ಹೋಗಿ ಉಪ್ಪಿನಕಾಯಿ ಜಾಡಿಗೆ ಕೈ ಹಾಕಿದಳು. ನಿಂತಲ್ಲೇ ಕಾಲು ಜಾಡಿ ಖಾಲಿ. ಬೆರಳು ತೊಳೆದುಕೊಳ್ಳುವಾಗ ತನ್ನ ಮೇಲೆ ತನಗೇ ಅಸಹ್ಯವಾಯಿತು. ನೆಟ್ಟಗೆ ನರ್ಸಮ್ಮನ ಕೋಣೆಗೆ ಹೋಗಿ, "ನನ್ನ ಕೈಲಿ ಆಗಲ್ಲ, ನನ್ನ ನಾಲಿಗೆ ಹಿಡಿತದಲ್ಲಿಲ್ಲ" ಎಂದು ಕೂತಳು.

ನರ್ಸಮ್ಮ ಬೈಯಲಿಲ್ಲ. "ಮನೇಲಿ ಎಷ್ಟು ಉಣ್ತೀರಿ?" ಎಂದು ಕೇಳಿದರು.

"ಸಂಜೆ ನಾಲ್ಕು ತುತ್ತು."

"ಇಲ್ಲಿ?"

ಅಕ್ಕ ಯೋಚಿಸಿದಳು. ಐದು ಹಂಡೆ. ಒಂದೊಂದಕ್ಕೂ ಏಳೆಂಟು ಸಲ ಸೌಟು ನೆಕ್ಕಿ ರುಚಿ ನೋಡಬೇಕು. ಆಮೇಲೆ ತಳದಲ್ಲಿ ಉಳಿದದ್ದು, ನಿಂತುಕೊಂಡೇ.

"ಅಯ್ಯೋ" ಎಂದಳು.

"ಬೇರು ಇಲ್ಲಿದೆ, ನೀವು ಅಲ್ಲಿ ಅಗೀತಿದ್ದೀರಿ. ರುಚಿ ನೋಡೋದನ್ನ ಬೇರೆಯವರಿಗೆ ಬಿಡಿ."

"ನಾನು ಬಾಯಿಗಿಡದ ಅಡುಗೆನ ಇನ್ನೊಬ್ಬರ ತಟ್ಟೆಗೆ ಹಾಕಲ್ಲ ನರ್ಸಮ್ಮ."

"ಹಾಗಾದ್ರೆ ಹಂಡೆಯ ಉಪ್ಪನ್ನೇ ಇಳಿಸಿ. ಒಂದೇ ಸಲ ಬೇಡ. ನಾಲಿಗೆ ಹಟಮಾರಿ, ಅದನ್ನ ಪುಸಲಾಯಿಸಬೇಕು."

ಮಾರನೆಯ ಬೆಳಿಗ್ಗೆ ಅಕ್ಕ ಹಿಡಿ ಉಪ್ಪನ್ನು ಹಂಡೆಗೆ ಎರಚುವ ಮೊದಲು ತಕ್ಕಡಿಗೆ ಸುರಿದಳು. ಎಲ್ಲ ಹಂಡೆಗಳದ್ದೂ ಕೂಡಿದರೆ ಎರಡೂವರೆ ಕಿಲೋ! ವಾರಕ್ಕೆ ನೂರು ಗ್ರಾಂ ಇಳಿಸುವುದೆಂದು ತೀರ್ಮಾನಿಸಿ ಮ್ಯಾನೇಜರ ಒಪ್ಪಿಗೆ ಪಡೆದಳು. ಯಾರಿಗೂ ಹೇಳದೆ ಮಾಡಿದರೆ ಜಗಳವೇ ಇರದು ಎಂದು ಅವರು ಸೂಚಿಸಿದರು. "ಕದ್ದು ಮಾಡೋ ಕೆಲಸ ನನಗೆ ಬರಲ್ಲ ಸಾರ್" ಎಂದ ಅಕ್ಕ ಬಾಗಿಲಲ್ಲೇ ಹಲಗೆ ತೂಗುಹಾಕಿದಳು: 'ಇನ್ನು ಮೇಲೆ ಅಡುಗೆಗೆ ವಾರ ವಾರ ಉಪ್ಪು ಸ್ವಲ್ಪ ಕಡಿಮೆ. ಬೇಕಾದವರಿಗೆ ಮೇಜಿನ ಮೇಲಿದೆ.'

ಮೂರು ವಾರ ಹಲಗೆಯನ್ನು ಓದಿ ನಕ್ಕವರೇ ಹೊರತು ವ್ಯತ್ಯಾಸ ಕಂಡವರಿಲ್ಲ. ಆರನೆಯ ವಾರ ಮೀಸೆ ತಟ್ಟೆ ಹಿಡಿದು ಎದ್ದು ಬಂದ.

"ಅಕ್ಕ, ಇದನ್ನ ಆಸ್ಪತ್ರೆಗೆ ಕಳಿಸಿ. ಕಾಯಿಲೆ ನಿಮಗೆ, ಪಥ್ಯ ನಮಗಾ?"

ಇಡೀ ಸಾಲು ಕಿಸಕ್ಕೆಂದಿತು. ಅವಳ ಮುಖ ಕೆಂಪೇರಿತು. ಇಪ್ಪತ್ತೆರಡು ವರ್ಷದಲ್ಲಿ ಅವಳ ತಟ್ಟೆ ಮರಳಿ ಬಂದದ್ದು ಇದೇ ಮೊದಲು. ಆದರೂ ತಟ್ಟೆ ತೆಗೆದುಕೊಂಡು, ಅವನ ಎದುರಿಗೇ ಒಂದು ಚಮಚ ತಿಂದಳು. ಅವನು ಹೇಳಿದ್ದು ಸುಳ್ಳಾಗಿರಲಿಲ್ಲ, ಸಪ್ಪೆಯಾಗಿತ್ತು.

"ಉಪ್ಪು ಹೆಚ್ಚಿಸಲ್ಲ" ಎಂದಳು. "ರುಚಿ ಹೆಚ್ಚಿಸ್ತೀನಿ. ಒಂದು ವಾರ ಕೊಡು."

ಅಲ್ಲಿಂದ ಅವಳ ನಿಜವಾದ ಅಡುಗೆ ಶುರುವಾಯಿತು. ಇಷ್ಟು ವರ್ಷ ಉಪ್ಪಿನ ಮರೆಯಲ್ಲಿ ಎಷ್ಟು ಸೋಮಾರಿಯಾಗಿದ್ದೆ ಎಂದು ಅವಳಿಗೇ ನಾಚಿಕೆಯಾಯಿತು. ಟೊಮೇಟೊವನ್ನು ಸಿಪ್ಪೆ ಕಪ್ಪಾಗುವವರೆಗೆ ಬೆಂಕಿಯಲ್ಲಿ ಸುಟ್ಟಳು. ಈರುಳ್ಳಿಯನ್ನು ಅವಸರ ಮಾಡದೆ ಕಂದುಬಣ್ಣಕ್ಕೆ ತಂದಳು. ಮೆಣಸನ್ನು ಅಂದಂದೇ ಕುಟ್ಟಿಸಿದಳು. ನಿಂಬೆರಸವನ್ನು ಹಂಡೆ ಇಳಿಸಿದ ಮೇಲೆ ಹಿಂಡಿದಳು. ಉಪ್ಪನ್ನು ಕೊನೆಗೆ ಹಾಕಿದರೆ ಕಡಿಮೆಯೇ ಸಾಕು ಎಂಬುದೂ ತಿಳಿಯಿತು. ಜನ ನುಗ್ಗುವ ಮುಂಚೆ ಹನ್ನೊಂದೂವರೆಗೇ ತಾನೂ ಒಂದು ತಟ್ಟೆ ಬಡಿಸಿಕೊಂಡು ಕುರ್ಚಿಯಲ್ಲಿ ಕೂತು ಉಂಡಳು. ಹೊಟ್ಟೆ ತಣ್ಣಗಿದ್ದರೆ ಜಾಡಿ ಕರೆಯುವುದಿಲ್ಲ.

ವಾರ ಕಳೆದು ಮೀಸೆ ತಟ್ಟೆ ಖಾಲಿ ಮಾಡಿದ. ಹತ್ತನೆಯ ವಾರಕ್ಕೆ ಮೇಜಿನ ಮೇಲಿನ ಉಪ್ಪಿನ ಡಬ್ಬಿಗಳನ್ನು ದಿನಾ ತುಂಬಿಸುವ ಕೆಲಸ ತಪ್ಪಿತ್ತು. ಹದಿಮೂರನೆಯ ವಾರ ತಕ್ಕಡಿಯಲ್ಲಿ ಹಳೆಯ ಅರ್ಧಕ್ಕಿಂತ ಕಡಿಮೆ ಉಪ್ಪಿತ್ತು.

ಆಗಲೇ ತಂಗಿಯ ಮಗಳಿಗೆ ಹೆರಿಗೆಯಾಯಿತೆಂದು ಅಕ್ಕ ಮೂರು ದಿನ ರಜೆ ಹಾಕಿದಳು. ಬದಲಿಗೆ ಬಂದ ಅಡುಗೆಯವನು ಅನುಭವಸ್ಥ. ತನಗೆ ಗೊತ್ತಿದ್ದ ಹಾಗೇ ಉಪ್ಪು ಹಾಕಿದ. ಎರಡನೆಯ ದಿನ ಅಕ್ಕ ಮಗುವನ್ನು ಎತ್ತಿಕೊಂಡಿದ್ದಾಗ ಫೋನು ಬಂತು.

"ಅಕ್ಕ, ಮೀಸೆ ಮಾತಾಡ್ತಿರೋದು. ಯಾವಾಗ ಬರ್ತೀರಿ?"

"ಯಾಕೋ, ಏನಾಯ್ತು?"

"ಏನಾಯ್ತಾ? ಇವನು ಸಮುದ್ರನೇ ಬಡಿಸ್ತಿದ್ದಾನೆ. ಬಾಯಿಗೆ ಇಡೋಕಾಗ್ತಿಲ್ಲ. ನೀರು ಕುಡಿದೂ ಕುಡಿದೂ ಸಾಕಾಯ್ತು."

"ಹಿಂದೆ ನಾನು ಹಾಕ್ತಿದ್ದಷ್ಟೇ ಹಾಕಿರ್ತಾನೆ ಬಿಡೋ."

"ಅಷ್ಟು ತಿಂತಿದ್ವಾ?" ಎಂದ ಮೀಸೆ.

ಅಕ್ಕ ಮಗುವನ್ನು ತಂಗಿಯ ಕೈಗೆ ಕೊಟ್ಟು, ಅಂಗಳದಲ್ಲಿ ಒಬ್ಬಳೇ ನಿಂತು, ಸೆರಗಿಗೆ ಬಾಯಿ ಒತ್ತಿಕೊಂಡು ನಕ್ಕಳು. ಇನ್ನೂರು ನಾಲಿಗೆಗಳನ್ನು ಅವಳೊಬ್ಬಳು ತಿದ್ದಿದ್ದಳು. ತನ್ನದೂ ಸೇರಿದರೆ ಇನ್ನೂರೊಂದು.

ರಜೆ ಮುಗಿಸಿ ಬಂದಾಗ ನರ್ಸಮ್ಮ ಪಟ್ಟಿ ಒಂದೇ ಸಲ ಸುತ್ತಿದರು. ನೂರ ಇಪ್ಪತ್ತೆಂಟು. ಮಾತ್ರೆ ಮುಂದುವರಿಸಬೇಕು, ಆದರೆ ಹೆಚ್ಚಿಸಬೇಕಾಗಿಲ್ಲ ಎಂದರು ಡಾಕ್ಟರು. ಆ ಸಂಖ್ಯೆಯನ್ನು ಗಂಡ ಅವಳಿಗಿಂತ ಮುಂಚೆ ಬೀದಿಗೆಲ್ಲ ಸಾರಿಬಿಟ್ಟಿದ್ದ, ಕೊಳಾಯಿ ಬಿಚ್ಚಿದ ಮನೆಮನೆಯಲ್ಲೂ, ತಾನೇ ಸಾಧಿಸಿದವನ ಹಾಗೆ.

ಎರಡು ತಿಂಗಳ ಬಳಿಕ ಕಂಪನಿಯ ಬೇರೆ ಕಾರ್ಖಾನೆಗಳ ಹನ್ನೆರಡು ಅಡುಗೆಯವರನ್ನು ಅವಳ ಹತ್ತಿರ ಕಲಿಯಲು ಕಳಿಸಿದರು. ಅಕ್ಕ ಇಸ್ತ್ರಿ ಮಾಡಿದ ಏಪ್ರನ್ ತೊಟ್ಟು ಒಲೆ ಮುಂದೆ ನಿಂತಳು. ಒಬ್ಬಾಕೆ ಕೈ ಎತ್ತಿದಳು.

"ಜನ ಬೈದರೆ ಏನು ಮಾಡ್ಬೇಕು ಅಕ್ಕ?"

"ತಿನ್ನಬೇಕು" ಎಂದಳು ಅಕ್ಕ, ತಲೆ ಎತ್ತಿ. "ಬೈಗುಳದಲ್ಲಿ ಉಪ್ಪಿರಲ್ಲ. ಎಷ್ಟು ತಿಂದರೂ ಬಿಪಿ ಏರಲ್ಲ."