ಕಾಲು ತೊಳೆಯುವ ತಾಲೀಮು

ಟಾರ್ಪ್ಲಿ ವಿಶ್ವವಿದ್ಯಾಲಯದ ಅಧ್ಯಕ್ಷರು ನನ್ನ ಕಾಲು ತೊಳೆಯಬೇಕೆಂದು ತೀರ್ಮಾನವಾಗಿತ್ತು. ಆ ಸುದ್ದಿ ನನ್ನ ಕಿವಿಗೆ ಬೀಳುವಷ್ಟರಲ್ಲಿ ಅದಕ್ಕೆ ಬೇಕಾದ ತಾಮ್ರದ ಬೋಗುಣಿಯನ್ನೂ ಕೊಂಡು ತಂದಾಗಿತ್ತು.

ನಾನು ವರ್ಡೀನ್ ಗ್ಯಾಸ್ಕಿನ್. ಟಾರ್ಪ್ಲಿಯ ಊಟದ ಮನೆಯಲ್ಲಿ ಮೂವತ್ತೊಂದು ವರ್ಷ ಬೆಳಗಿನ ತಿಂಡಿಗೆ ಬಿಸ್ಕೆಟ್ ಎಂಬ ಮೆತ್ತನೆಯ ರೊಟ್ಟಿ ಬೇಯಿಸಿದವಳು. ಜಾರ್ಜಿಯಾದ ನಮ್ಮ ಈ ಪುಟ್ಟ ಊರಿನಲ್ಲಿ ಟಾರ್ಪ್ಲಿಯ ಬಗ್ಗೆ ಎರಡು ಚರಿತ್ರೆಗಳಿವೆ. ಒಂದು ಅಚ್ಚಾದದ್ದು. ನೂರ ಎಪ್ಪತ್ತೈದು ವರ್ಷದ ಹಿಂದೆ ಏಳು ಜನ ಬ್ಯಾಪ್ಟಿಸ್ಟ್ ಪಂಥದ ಹಿರಿಯರು ಪೈನ್ ತೋಪಿನಲ್ಲಿ ಮಂಡಿಯೂರಿ ಪ್ರಾರ್ಥಿಸಿದರು, ಎದ್ದಾಗ ಕಾಲೇಜು ಹುಟ್ಟಿತು ಎಂದು ಅದರಲ್ಲಿದೆ. ತೋಪನ್ನು ಕಡಿದು ಇಟ್ಟಿಗೆ ಸುಟ್ಟ ಗುಲಾಮರ ಮಂಡಿಗಳ ಮಾತು ಅದರಲ್ಲಿಲ್ಲ. ಅಲ್ಲಿ ಕುಡಿತವಿಲ್ಲ, ಮೊನ್ನೆಮೊನ್ನೆಯವರೆಗೆ ಕುಣಿತವೂ ಇರಲಿಲ್ಲ. ‘ಹುಡುಗ ಟಾರ್ಪ್ಲಿಯಲ್ಲಿ ಓದಿದವನಂತೆ’ ಎಂದರೆ ಸಾಕು, ಹೆಣ್ಣಿನ ತಂದೆ ಮತ್ತೇನೂ ವಿಚಾರಿಸುತ್ತಿರಲಿಲ್ಲ. ಅಂಥ ಹೆಸರು.

ಇನ್ನೊಂದು ಚರಿತ್ರೆ ನಮ್ಮಂಥವರ ಅಡುಗೆಮನೆಗಳಲ್ಲಿ, ದನಿ ತಗ್ಗಿಸಿ ಹೇಳುವಂಥದ್ದು. ಅದು ನನ್ನ ಅಜ್ಜಿ ಲುವೀನಿಯಾಳದು.

ಅಜ್ಜಿ ಟಾರ್ಪ್ಲಿಯಲ್ಲಿ ಹತ್ತೊಂಬತ್ತು ವರ್ಷ ಮುಖ್ಯ ಅಡುಗೆಯವಳಾಗಿದ್ದಳು. 1948ರ ಅಕ್ಟೋಬರಿನಲ್ಲಿ ಹಾಸ್ಟೆಲಿನ ಹದಿನಾಲ್ಕು ಹುಡುಗರಿಗೆ ವಿಷಮಶೀತ ಜ್ವರ ಬಂತು. ವೆಂಡೆಲ್ ಸ್ಟ್ರಿಬ್ಲಿಂಗ್ ಎಂಬ ಹುಡುಗ ಸತ್ತ. ಹತ್ತಿ ಗಿರಣಿಯ ಸ್ಟ್ರಿಬ್ಲಿಂಗರ ಒಬ್ಬನೇ ಮಗ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎನ್ನುತ್ತಾರಲ್ಲ, ಹಾಗಾಯಿತು. ಅಂದಿನ ಅಧ್ಯಕ್ಷರು ಪತ್ರಿಕೆಯವರನ್ನು ಕರೆದು, ‘ಕರಿಯ ಅಡುಗೆಯವಳ ಕೊಳಕು ಕೈಯಿಂದ ಈ ಅನಾಹುತ’ ಎಂದು ಹೇಳಿದರು. ಪರೀಕ್ಷೆಗೆಂದು ಅಜ್ಜಿಯ ಮಲವನ್ನು ಗಾಜಿನ ಶೀಶೆಯಲ್ಲಿ ತರಿಸಿದರು. ವಿದ್ಯಾರ್ಥಿಗಳು ಸಾಲುಗಟ್ಟಿ ನಿಂತಿದ್ದ ಕಚೇರಿಯ ಕಿಟಕಿಯಲ್ಲಿ ಅವಳೇ ಅದನ್ನು ಕೈಯಾರೆ ಕೊಡಬೇಕಾಯಿತು. ಮೂಗು ಮುಚ್ಚಿಕೊಂಡು ನಕ್ಕವರ ಮುಖಗಳನ್ನು ಅವಳು ಸಾಯುವವರೆಗೂ ಮರೆಯಲಿಲ್ಲ. ಆಮೇಲೆ ಕೆಲಸದಿಂದ ತೆಗೆದರು. ಊರಿನಲ್ಲಿ ಯಾರೂ ಅವಳನ್ನು ಅಡುಗೆಗೆ ಕರೆಯಲಿಲ್ಲ. ಸಾಯುವ ತನಕ ಪರರ ಬಟ್ಟೆ ಒಗೆದಳು.

‘ನನ್ನ ಕೈ ಕೊಳಕಲ್ಲ ಕಣೆ, ಅವ್ರ ಬಾವಿ ಕೊಳಕು’ ಎಂದು ಅವಳು ನನಗೆ ಹೇಳುತ್ತಿದ್ದಳು. ಅವಳ ಮಾತು ಬಿಟ್ಟರೆ ನಮ್ಮ ಕೈಯಲ್ಲಿ ಬೇರೆ ಆಧಾರವಿರಲಿಲ್ಲ.

ಅಂಥ ಜಾಗಕ್ಕೇ ನಾನು ಯಾಕೆ ಕೆಲಸಕ್ಕೆ ಹೋದೆ ಎಂದು ಕೇಳಬಹುದು. ಊರಿನಲ್ಲಿ ಬೇರೆ ಕೆಲಸ ಇರಲಿಲ್ಲ. ಅಷ್ಟೆ.

ಹೋದ ವಸಂತದಲ್ಲಿ ಹ್ಯಾಡ್ಲಿ ಎಂಬ ಹುಡುಗಿ ನನ್ನನ್ನು ಹುಡುಕಿಕೊಂಡು ಅಡುಗೆಮನೆಗೆ ಬಂದಳು. ಪ್ರಚಾರ ವಿಭಾಗದ ಮುಖ್ಯಸ್ಥೆ, ಮೂವತ್ತು ದಾಟಿರಲಿಲ್ಲ. ‘ಮಿಸ್ ವರ್ಡೀನ್, ನಿಮ್ಮ ಅಜ್ಜಿ ನಮ್ಮ ಹೆಮ್ಮೆ’ ಎಂದಳು. ಹೊಸದಾಗಿ ಕಟ್ಟಿದ ಊಟದ ಮನೆಗೆ ಅಜ್ಜಿಯ ಹೆಸರಿಡುತ್ತಾರಂತೆ, ‘ಲುವೀನಿಯಾಳ ಮೇಜು’ ಎಂದು. ನಮ್ಮ ಜನರ ಮಕ್ಕಳು ಟಾರ್ಪ್ಲಿಗೆ ಅರ್ಜಿ ಹಾಕುವುದು ಕಡಿಮೆಯಾಗಿದೆ, ಪತ್ರಿಕೆಗಳಲ್ಲಿ ನಾಲ್ಕು ಕೆಟ್ಟ ಲೇಖನ ಬಂದಿವೆ ಎಂಬುದು ನನಗೆ ಆಗ ಗೊತ್ತಿರಲಿಲ್ಲ.

ಅಧ್ಯಕ್ಷ ಡಾಕ್ಟರ್ ಬ್ರಾಂಟ್ಲಿ ಕಾಗಿನ್ಸರ ಕೋಣೆಗೆ ಕರೆದುಕೊಂಡು ಹೋದಳು. ಮೂವತ್ತೊಂದು ವರ್ಷ ಹಿಂಬಾಗಿಲಿನಿಂದ ಒಳಗೆ ಹೋದವಳು ನಾನು. ಆ ದಿನ ಅವರ ಚರ್ಮದ ಸೋಫಾದಲ್ಲಿ ಕೂತೆ, ಅವರು ಕೈಯಾರೆ ಕೊಟ್ಟ ಸಿಹಿ ಚಹಾ ಕುಡಿದೆ. ಉಬ್ಬಿಹೋಗಿದ್ದೆ. ಇದನ್ನು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

‘ಒಂದೇ ಒಂದು ಕೇಳ್ಕೋತೀನಿ ಸರ್’ ಎಂದೆ. ‘ಆ ಜ್ವರ ನಮ್ಮಜ್ಜಿಯಿಂದ ಬರ್ಲಿಲ್ಲ ಅಂತ ಒಂದು ಸಾಲು ಬರೀರಿ.’

‘ಖಂಡಿತ, ಖಂಡಿತ’ ಎಂದರು ಕಾಗಿನ್ಸ್. ‘ಅದಕ್ಕೊಂದು ಪುರಾವೆ ಸಿಕ್ಕಿದ್ರೆ ಚೆನ್ನಾಗಿತ್ತು.’

ಪುರಾವೆ ಸಿಗಲಾರದು ಎಂದೇ ಅವರು ಹಾಗೆ ಹೇಳಿದ್ದು. ನಾನು ಕೌಂಟಿಯ, ಎಂದರೆ ನಮ್ಮ ಜಿಲ್ಲೆಯ, ಆರೋಗ್ಯ ಇಲಾಖೆಗೆ ಹೋದೆ. ಅಲ್ಲಿನ ಗುಮಾಸ್ತೆ ನನ್ನ ಜೊತೆ ಶಾಲೆಯಲ್ಲಿ ಓದಿದವಳು. ಹಳೆಯ ದಾಖಲೆಗಳಿದ್ದ ಕೋರ್ಟಿನ ನೆಲಮಾಳಿಗೆಯಲ್ಲಿ ಎರಡು ದಿನ ಧೂಳು ಕುಡಿದು, ಆ ಜ್ವರದ ಬಗ್ಗೆ ಇಲಾಖೆ ಬರೆದಿದ್ದ ವರದಿಯನ್ನು ತೆಗೆದುಕೊಟ್ಟಳು. ಮೂರು ಪುಟ. ಹಾಸ್ಟೆಲಿನ ಮಲದ ಕೊಳವೆ ಒಡೆದು ಅಡುಗೆಮನೆಯ ಹಿಂದಿನ ಬಾವಿಗೆ ಸೋರುತ್ತಿತ್ತು. ಅಡುಗೆಯವರನ್ನೆಲ್ಲ ಪರೀಕ್ಷಿಸಲಾಗಿದೆ, ಯಾರಲ್ಲೂ ರೋಗವಿಲ್ಲ. ಬಾವಿ ಮುಚ್ಚಿರೆಂದು ಕಾಲೇಜಿಗೆ ಮೇ ತಿಂಗಳಲ್ಲೇ ನೋಟಿಸು ಕೊಡಲಾಗಿತ್ತು.

ಮೇ ತಿಂಗಳು! ಹುಡುಗ ಸತ್ತದ್ದು ಅಕ್ಟೋಬರಿನಲ್ಲಿ. ಐದು ತಿಂಗಳು ಆ ಭಕ್ತರು ಮಕ್ಕಳಿಗೆ ಮಲದ ನೀರು ಕುಡಿಸಿದ್ದರು. ಕೋರ್ಟಿನ ಮೆಟ್ಟಿಲ ಮೇಲೆ ಕೂತು, ಆ ಕಾಗದವನ್ನು ಮಡಿಲಲ್ಲಿಟ್ಟುಕೊಂಡು, ಅಜ್ಜಿಯ ಒರಟು ಕೈಗಳನ್ನು ನೆನೆದು ಅತ್ತೆ.

ಹ್ಯಾಡ್ಲಿ ಅದರ ನಕಲನ್ನು ಓದಿ, ‘ಅಯ್ಯೋ, ಇದು ಸ್ವಲ್ಪ ಭಾರ ಆಯ್ತು ಮಿಸ್ ವರ್ಡೀನ್. ಸಮಾರಂಭದ ಮೂಡೇ ಬೇರೆ ಇದೆ. ನೋಡೋಣ, ಮೇಲಿನವ್ರಿಗೆ ಕೊಡ್ತೀನಿ’ ಎಂದಳು.

ಅದಾದ ಎರಡು ವಾರಕ್ಕೆ, ಒಂದು ಗುರುವಾರ ಮಧ್ಯಾಹ್ನ, ತಾಲೀಮಿಗೆ ಕರೆದರು. ಯೇಸು ಶಿಷ್ಯರ ಕಾಲು ತೊಳೆದ ಹಾಗೆ ಅಧ್ಯಕ್ಷರು ಎಲ್ಲರ ಮುಂದೆ ನನ್ನ ಕಾಲು ತೊಳೆಯುವರೆಂದು ಅಲ್ಲಿಗೆ ಹೋದ ಮೇಲೆಯೇ ನನಗೆ ಗೊತ್ತಾದದ್ದು. ಅದು ನಡೆಯಬೇಕಾದದ್ದು ಸ್ಟ್ರಿಬ್ಲಿಂಗ್ ಚಾಪೆಲಿನಲ್ಲಿ, ಸತ್ತ ಹುಡುಗನ ಹೆಸರಿನಲ್ಲಿ ಅವನ ಮನೆಯವರು ಕಟ್ಟಿಸಿಕೊಟ್ಟ ಗುಡಿಯಲ್ಲಿ.

ಕಾಲುಚೀಲ ಬಿಚ್ಚಿ ಕೂತೆ. ದಿನಕ್ಕೆ ಎಂಟು ತಾಸು ನಿಂತು ಊದಿಕೊಂಡ ಕಾಲುಗಳು ನನ್ನವು. ಕಾಗಿನ್ಸ್ ಪುಟ್ಟ ಮೆತ್ತೆಯ ಮೇಲೆ ಮಂಡಿಯೂರಿದರು. ಬೋಗುಣಿಯ ನೀರು ಉಗುರುಬೆಚ್ಚಗಿತ್ತು. ಅವರ ಬೆರಳುಗಳು ನನ್ನ ಪಾದಕ್ಕೆ ತಗುಲಿಯೂ ತಗುಲದ ಹಾಗೆ ಓಡಾಡಿದವು.

ಫೋಟೋದವನು ‘ಸರ್, ಇನ್ನೊಂದ್ಸಲ’ ಎಂದ. ‘ಮುಖ ಸ್ವಲ್ಪ ಈ ಕಡೆ. ಹಾಂ. ಅಮ್ಮ, ನೀವು ಕಣ್ಣಲ್ಲಿ ಒಂಚೂರು ನೀರು ತಂದ್ಕೊಂಡ್ರೆ ಚೆನ್ನಾಗಿರುತ್ತೆ.’

ನಾನು ಕಣ್ಣು ಮುಚ್ಚಿಕೊಂಡೆ. ಮೈಮೇಲೆ ಹುಳ ಹರಿದಂತಾಗುತ್ತಿತ್ತು.

ನಾಲ್ಕು ಸಲ ತೊಳೆದರು. ನಾಲ್ಕನೆಯ ಸಲ ಮುಗಿದಾಗ ಕಾಗಿನ್ಸ್ ಎದ್ದು ನಿಂತು, ಕೋಟಿನ ಜೇಬಿನಿಂದ ಪುಟ್ಟ ಬಾಟಲಿ ತೆಗೆದು, ಕೈಗೆ ಸ್ಯಾನಿಟೈಸರ್ ಸುರಿದುಕೊಂಡು ತಿಕ್ಕಿಕೊಂಡರು. ನಾನು ನೋಡುತ್ತಿರುವುದನ್ನು ಕಂಡು, ‘ಅಭ್ಯಾಸ ಬಲ, ಬೇಜಾರು ಮಾಡ್ಕೋಬೇಡಿ’ ಎಂದು ನಕ್ಕರು.

ಆಮೇಲೆ ಭಾಷಣದ ತಾಲೀಮು. ಹಾಳೆ ತೆಗೆದು ಓದಿದರು: ‘ಆ ನೋವಿನ ದಿನಗಳಿಗಾಗಿ ಟಾರ್ಪ್ಲಿ ಕುಟುಂಬವು ನಮ್ಮ ಪ್ರೀತಿಯ ಲುವೀನಿಯಾಳನ್ನು ಇಂದು ತುಂಬು ಹೃದಯದಿಂದ ಕ್ಷಮಿಸುತ್ತದೆ...’

‘ಏನು ಮಾಡುತ್ತೆ?’ ಎಂದೆ.

‘ಕ್ಷಮಿಸುತ್ತೆ ಅಮ್ಮ.’

‘ಯಾವ ತಪ್ಪಿಗೆ?’

‘ತಪ್ಪು ಅಂತ ಯಾರೂ ಹೇಳ್ತಿಲ್ಲ.’

‘ತಪ್ಪೇ ಇಲ್ದೆ ಕ್ಷಮೆ ಎಲ್ಲಿಂದ ಬಂತು? ಬಾವಿಯೊಳಗಿಂದ್ಲಾ?’

ಹ್ಯಾಡ್ಲಿ ತನ್ನ ಫೋನಿನೊಳಗೆ ತಲೆ ಹುದುಗಿಸಿದಳು. ಕಾಗಿನ್ಸ್ ದನಿ ಇನ್ನೂ ಮೆತ್ತಗೆ ಮಾಡಿದರು. ‘ನಿಮ್ಮ ಕಾಗದ ನೋಡಿದೆ. ನಮ್ಮ ವಕೀಲರೂ ನೋಡಿದ್ರು. ಹಳೇ ಗಾಯ ಕೆದಕಿದ್ರೆ ಯಾರಿಗೆ ಒಳ್ಳೇದು ಹೇಳಿ? ನಾವು ಕೂತಿರೋ ಈ ಚಾಪೆಲ್ ಯಾರದ್ದು? ಸ್ಟ್ರಿಬ್ಲಿಂಗ್ ಮನೆಯವ್ರಿಗೆ ಹೇಗನ್ಸುತ್ತೆ? ಕ್ಷಮೆ ಅನ್ನೋದು ದೊಡ್ಡ ಮಾತು, ಯಾರು ಯಾರಿಗೆ ಅಂತ ಲೆಕ್ಕ ಹಾಕ್ಬಾರ್ದು.’

‘ಹಾಗಾದ್ರೆ ಲೆಕ್ಕ ಬೇಡ. ಒಂದೇ ಮಾತು ಓದ್ಬಿಡಿ. ನೀರು ಕೆಟ್ಟಿತ್ತು, ನಮಗೆ ಗೊತ್ತಿತ್ತು ಅಂತ. ಆಮೇಲೆ ಬೇಕಾದ್ರೆ ನಾನೇ ನಿಮ್ಮ ಕಾಲು ತೊಳೀತೀನಿ.’

‘ಅದು ಆಗಲ್ಲ, ಮಿಸ್ ವರ್ಡೀನ್.’

ಒದ್ದೆ ಕಾಲುಗಳನ್ನು ಹಾಗೇ ಬೂಟಿಗೆ ತುರುಕಿದೆ. ‘ನಮ್ಮಜ್ಜಿ ಶೀಶೆ ಹಿಡ್ಕೊಂಡು ನಿಂತಿದ್ದ ಕಿಟಕಿ ಇನ್ನೂ ಹಾಗೇ ಇದೆ ಸರ್, ಹೋಗಿ ನೋಡಿ. ಆ ಶೀಶೆಗಿಂತ ನಿಮ್ಮ ಈ ಬೋಗುಣಿಯೇ ಹೆಚ್ಚು ನಾರ್ತಿದೆ’ ಎಂದು ಹೊರಟೆ. ಮರುದಿನ ಕೆಲಸಕ್ಕೆ ಹೋಗಲಿಲ್ಲ. ಮತ್ತೆಂದೂ ಹೋಗಲಿಲ್ಲ. ಈಗ ಕೌಂಟಿ ಆಸ್ಪತ್ರೆಯ ಅಡುಗೆಮನೆಯಲ್ಲಿದ್ದೇನೆ.

ನಾನಿಲ್ಲದೆಯೂ ಸಮಾರಂಭ ನಡೆಯಿತು. ಒಂದು ತಿಂಗಳಿಗೆ ಟಾರ್ಪ್ಲಿಯ ಪತ್ರಿಕೆ ಅಂಚೆಯಲ್ಲಿ ಬಂತು. ಮುಖಪುಟದಲ್ಲಿ ನಾನಿದ್ದೆ. ತಾಲೀಮಿನ ಚಿತ್ರ! ಹೇಸಿ ಕಣ್ಣು ಮುಚ್ಚಿಕೊಂಡಿದ್ದ ನನ್ನ ಮುಖದ ಕೆಳಗೆ, ‘ಪ್ರಾರ್ಥನೆಯಲ್ಲಿ ಮೈಮರೆತ ಕ್ಷಣ’ ಎಂದು ಬರೆದಿದ್ದರು. ಅದನ್ನು ಮನೆಯೊಳಗೆ ಇಟ್ಟುಕೊಳ್ಳಲು ಮನಸ್ಸು ಬರಲಿಲ್ಲ. ಹೊರಗೆ ಕಸದ ಡಬ್ಬಿಗೆ ಹಾಕಿ ಕೈ ತೊಳೆದುಕೊಂಡೆ.

ಅದೇ ಚಿತ್ರ ನೋಡಿ ಇನ್ನೊಬ್ಬರು ನನ್ನ ಮನೆಗೆ ಬಂದರು. ಮಿಸ್ ಯೂಜೀನಿಯಾ ಸ್ಟ್ರಿಬ್ಲಿಂಗ್, ಸತ್ತ ವೆಂಡೆಲನ ತಂಗಿ. ಎಂಬತ್ತೈದರ ಮುದುಕಿ. ಡ್ರೈವರನನ್ನು ಕಾರಿನಲ್ಲೇ ಬಿಟ್ಟು, ಊರುಗೋಲು ಹಿಡಿದು ನನ್ನ ಜಗಲಿ ಹತ್ತಿದರು. ಕೈಯಲ್ಲಿ ನಿಂಬೆಯ ಕೇಕು.

‘ಒಂದು ಮಾತು ಹೇಳಿ ಹೋಗೋಣಾಂತ ಬಂದೆ’ ಎಂದರು. ‘ಅದು ನಿಮ್ಮಜ್ಜಿಯ ಕೈಯಿಂದ ಆದದ್ದಲ್ಲ. ನೀರಿನಿಂದ ಆದದ್ದು.’

ನಾನು ಕೇಕನ್ನು ಮುಟ್ಟಲಿಲ್ಲ. ‘ನಿಮಗೆ ಯಾವಾಗ ಗೊತ್ತಾಯ್ತು?’

‘ಆಗ್ಲೇ. ಅಧ್ಯಕ್ಷರು ನಮ್ಮನೇಗೆ ಬಂದಿದ್ರು. ನನಗೆ ಹದಿನಾಲ್ಕು ವರ್ಷ, ಮೆಟ್ಟಿಲ ಮೇಲೆ ಕೂತು ಕೇಳಿಸ್ಕೊಂಡೆ. ಬಾವಿ ವಿಷಯ ಹೊರಗೆ ಬಂದ್ರೆ ಕಾಲೇಜು ಮುಚ್ಚುತ್ತೆ, ಸುಮ್ಮನಿದ್ರೆ ನಿಮ್ಮ ಹುಡುಗನ ಹೆಸರಲ್ಲಿ ಚಾಪೆಲ್ ಕಟ್ಟೋಕೆ ಜಾಗ ಕೊಡ್ತೀವಿ, ಅವನ ಹೆಸರು ಶಾಶ್ವತವಾಗಿ ಉಳಿಯುತ್ತೆ ಅಂದ್ರು. ಅಪ್ಪ ಒಪ್ಪಿದ್ರು. ಅಮ್ಮ ಆ ಚಾಪೆಲ್‌ಗೆ ಒಂದು ದಿನಾನೂ ಕಾಲಿಡ್ಲಿಲ್ಲ.’

‘ಎಪ್ಪತ್ತೊಂದು ವರ್ಷ’ ಎಂದೆ.

‘ಹೌದು.’

‘ನಮ್ಮಜ್ಜಿ ನಿಮ್ಮ ಮನೆ ಬಟ್ಟೇನೂ ಒಗ್ದಿದ್ದಾಳೆ. ಗೊತ್ತಾ?’

ಮುದುಕಿ ತಲೆ ತಗ್ಗಿಸಿದರು. ‘ಗೊತ್ತು. ಮಂಗಳವಾರ ಬರ್ತಿದ್ಲು.’

‘ಇದನ್ನೇ ನಮ್ಮ ಚರ್ಚಿನಲ್ಲಿ ಬಂದು ಹೇಳ್ತೀರಾ? ಪತ್ರಿಕೆಗೆ ಬೇಡ, ನಮ್ಮ ಜನರ ಮುಂದೆ ಹೇಳಿದ್ರೆ ಸಾಕು.’

ಅವರು ಕಾರಿನ ಕಡೆ ನೋಡಿದರು. ‘ನನಗೆ ವಯಸ್ಸಾಯ್ತು ವರ್ಡೀನ್. ಅಣ್ಣನ ಹೆಸರಿರೋ ಗುಡಿ ಅದು. ಸಾಯೋ ಮುಂಚೆ ನಿಮಗೊಬ್ಬರಿಗೆ ಹೇಳಿದ್ರೆ ಮನಸ್ಸು ಹಗುರ ಆಗುತ್ತೆ ಅಂತ ಬಂದೆ.’

‘ಆಯ್ತಾ ಹಗುರ?’

ಅವರು ಕೇಕನ್ನು ನನ್ನ ಕಡೆ ಚಾಚಿದರು.

‘ಕೇಕು ತಗೊಂಡ್ಹೋಗಿ’ ಎಂದೆ. ‘ನಿಮ್ಮ ಭಾರ ಇಳಿಸೋಕೆ ನನ್ನ ಜಗಲಿ ಕಸದ ತೊಟ್ಟಿ ಅಲ್ಲ.’

ಹೊರಟುಹೋದರು. ಪಾಪ ಎನಿಸಲಿಲ್ಲ. ಅವರ ಬೆನ್ನು ಬಾಗಿದ್ದನ್ನು ನೋಡಿಯೂ ಎನಿಸಲಿಲ್ಲ. ಕಾಗಿನ್ಸರಿಗಿಂತ ಈ ಮುದುಕಿಯ ಮೇಲೆ ನನಗೆ ಹೆಚ್ಚು ಅಸಹ್ಯ ಹುಟ್ಟಿತು. ಕಾಗಿನ್ಸ್ ನಮ್ಮಜ್ಜಿಯ ಮುಖ ನೋಡಿದವರಲ್ಲ. ಈಕೆ ಪ್ರತಿ ಮಂಗಳವಾರ ನೋಡಿದ್ದರು.

ನಮ್ಮ ಚರ್ಚು ಮೌಂಟ್ ನೀಬೊ. ನಾವೂ ಬ್ಯಾಪ್ಟಿಸ್ಟರೇ. ಅಲ್ಲಿಯೂ ಒಂದು ಹುಣ್ಣು ಇತ್ತು, ಅದನ್ನು ಮುಚ್ಚಿಟ್ಟರೆ ನಾನೂ ಟಾರ್ಪ್ಲಿಯವರ ಸಾಲಿಗೇ ಸೇರುತ್ತೇನೆ. 1948ರ ನಂತರ ನಮ್ಮ ಚರ್ಚಿನ ಹೆಂಗಸರೂ ಭಾನುವಾರದ ಸಹಭೋಜನಕ್ಕೆ ಅಜ್ಜಿ ಮಾಡಿ ತಂದ ಕೋಳಿಯನ್ನು ಮುಟ್ಟುತ್ತಿರಲಿಲ್ಲ. ತುಂಬಿದ ಪಾತ್ರೆಯನ್ನು ಅವಳು ಹಾಗೇ ಮನೆಗೆ ಹೊತ್ತು ತರುತ್ತಿದ್ದಳು. ಎರಡು ವರ್ಷ ತಂದು, ಆಮೇಲೆ ತರುವುದನ್ನು ಬಿಟ್ಟಳು.

ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಪಾಸ್ಟರರ ಅನುಮತಿ ಕೇಳಿ, ಆ ಮೂರು ಪುಟಗಳನ್ನು ಪೂರ್ತಿ ಓದಿದೆ. ಓದಿ ಮುಗಿದ ಮೇಲೆ ಚರ್ಚಿನ ಆಡಳಿತ ನೋಡುವ ಹಿರಿಯ ಡೀಕನ್ ರೂಫಸ್ ಆಗಲ್‌ಟ್ರೀ ಎದ್ದರು. ಎಂಬತ್ತರ ಹತ್ತಿರದವರು.

‘ನನಗಾಗ ಎಂಟು ವರ್ಷ. ಸಿಸ್ಟರ್ ಲುವೀನಿಯಾ ನನ್ನ ತಟ್ಟೆಗೆ ಕೋಳಿ ಕಾಲು ಹಾಕಿದ್ಲು. ನಮ್ಮಮ್ಮ ಕಿತ್ಕೊಂಡು ನಾಯಿಗೆ ಎಸೆದ್ಲು. ಸಿಸ್ಟರ್ ಎದುರಿಗೇ. ಅವಳು ಪಾತ್ರೆಗೆ ಮುಚ್ಚಳ ಹಾಕಿದ್ಲು’ ಎಂದು ಹೇಳಿ ನನ್ನ ಕಡೆ ತಿರುಗಿದರು. ‘ತಪ್ಪಾಯ್ತು ವರ್ಡೀನ್. ನಮ್ಮದು ತಪ್ಪಾಯ್ತು.’

ಚರ್ಚಿನ ದಾಖಲೆ ಪುಸ್ತಕ ತರಿಸಿದರು. ‘ಸಹೋದರಿ ಲುವೀನಿಯಾ ಗ್ಯಾಸ್ಕಿನ್ ನಿರಪರಾಧಿ. ಆಕೆಯ ಮೇಲೆ ಸುಳ್ಳು ಹೊರಿಸಲಾಯಿತು. ಈ ಸಭೆ ಆ ಸುಳ್ಳನ್ನು ನಂಬಿತು’ ಎಂದು ಎಲ್ಲರೂ ಕೈಯೆತ್ತಿ ಒಪ್ಪಿ ಬರೆಸಿದರು. ಟಾರ್ಪ್ಲಿಯ ಅಷ್ಟು ವಕೀಲರು ಬರೆಯಲಾರದ ಸಾಲನ್ನು ನಮ್ಮ ಡೀಕನ್ನರು ಹತ್ತು ನಿಮಿಷದಲ್ಲಿ ಬರೆದರು. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಅಜ್ಜಿಯ ಹೆಸರನ್ನು ಕಟ್ಟಡದಿಂದ ತೆಗೆಯಿರಿ ಎಂದು ಟಾರ್ಪ್ಲಿಗೆ ಪತ್ರ ಬರೆದೆ. ‘ನಿಮ್ಮ ಭಾವನೆಗಳನ್ನು ಗೌರವಿಸುತ್ತೇವೆ’ ಎಂದು ಉತ್ತರ ಬಂತು. ಹೆಸರು ಅಲ್ಲೇ ಇದೆ.

ಮೊನ್ನೆ ಪೆಟ್ರೋಲ್ ಬಂಕಿನಲ್ಲಿ ಟಾರ್ಪ್ಲಿಯ ಅಂಗಿ ತೊಟ್ಟ ಇಬ್ಬರು ಹುಡುಗಿಯರು ನಿಂತಿದ್ದರು. ‘ಊಟಕ್ಕೆ ಲುವೀನಿಯಾಗೇ ಹೋಗೋಣ್ವಾ?’ ಎಂದು ಒಬ್ಬಳು ಕೇಳಿದಳು.

‘ಲುವೀನಿಯಾ ಅಂದ್ರೆ ಯಾರು ಗೊತ್ತಾ?’ ಎಂದೆ.

‘ಯಾರೋ ಸ್ಥಾಪಕರ ಹೆಂಡ್ತಿ ಇರ್ಬೇಕು ಅಲ್ವಾ ಆಂಟಿ?’

ಕಾರಿಗೆ ಪೆಟ್ರೋಲ್ ತುಂಬುವಷ್ಟು ಹೊತ್ತು ಅವರಿಗೆ ಎಲ್ಲ ಹೇಳಿದೆ. ಬಾವಿ, ಶೀಶೆ, ಬೋಗುಣಿ, ಯಾವುದನ್ನೂ ಬಿಡಲಿಲ್ಲ. ಒಬ್ಬಳ ಮುಖ ಕಿವುಚಿಕೊಂಡಿತು. ‘ಥೂ’ ಎಂದಳು. ಇನ್ನೊಬ್ಬಳು, ‘ಇದು ನಿಜಾನಾ?’ ಎಂದಳು.

‘ನನ್ನ ಮಾತು ನಂಬಬೇಡ’ ಎಂದೆ. ‘ಕೋರ್ಟಿನ ನೆಲಮಾಳಿಗೇಲಿ ಕಾಗದ ಇದೆ. ಕಚೇರಿ ಐದು ಗಂಟೆ ತನಕ ತೆಗೆದಿರುತ್ತೆ. ಹೋಗಿ ಓದು.’

ಐದಕ್ಕೆ ಇನ್ನೂ ಎಷ್ಟು ಹೊತ್ತಿದೆ ಎಂದು ಅವಳು ಕೈಗಡಿಯಾರ ನೋಡಿಕೊಂಡಳು.