ಇಡೀ ಕ್ಯಾಡಿಲಾಕ್

ಬ್ಯಾಡಗಿ ಪ್ರೇಮವ್ವನ ಕ್ಯಾಡಿಲಾಕ್ ಕಾರು ಎಷ್ಟು ಉದ್ದ ಅಂದ್ರ, ಮುಂದಿನ ದೀಪ ಹಾವೇರಿ ಮುಟ್ಟಿದ್ರೂ ಡಿಕ್ಕಿ ಬ್ಯಾಡಗಿಯೊಳಗ ಇರ್ತಿತ್ತು. ಸತ್ತ ಗಂಡ ಅದರಾಗ ಮೆಣಸಿನಕಾಯಿ ಚೀಲ ಹೇರಿ ಹೇರಿ, ಈಗೂ ಬಾಗಿಲಾ ತೆಗೆದ್ರ ಓಣಿಗೆ ಓಣಿನ ಸೀನತಿತ್ತು. ಒರಸಾಕ ಸೊಂಟ ಬಗ್ಗವಲ್ದು ಅಂತ ಆಕಿ ಮಾರಾಕ ನಿಂತಿದ್ಲು. ಆದ್ರ ಕಡದು ಮಾರಾವ್ರಿಗೆ ಕೊಡಾಂಗಿಲ್ಲ ಅಂತ ಹಟ.

ಕಾರು ಕೊಳ್ಳಾಕ ಬಂದ ರಾಣೇಬೆನ್ನೂರಿನ ಕೊಟ್ರೇಶ ಸೀನಕೋತನ ಸುತ್ತು ಹಾಕಿ ನೋಡಿದ. "ಎಂಜಿನ್ ನನಗ, ಉಳಿದದ್ದು ಗುಜರಿಗೆ."

ಪ್ರೇಮವ್ವ ತನ್ನ ಕೈಮ್ಯಾಲೆ ಟವಲ್ ಹೊಚ್ಚಿದ್ಲು. "ದನದ ಸಂತಿ ಹಂಗ ಬೆರಳು ಹಿಡದು ರೇಟ್ ಹೇಳಪಾ."

ಟವಲ್ ಕೆಳಗ ಆಂವ ಆಕಿ ಐದೂ ಬೆರಳು ಹಿಡದ, ಅಂದ್ರ ಐದು ಲಕ್ಷ. ಆಕಿ ಎರಡು ಬಿಡಿಸ್ಕೊಂಡ್ಲು.

"ಯವ್ವಾ, ಮಾರಾವ್ರು ಏರಸ್ತಾರ, ನೀ ಇಳಸಾಕತ್ತೀಯಲ್ಲ!"

"ಕಡಿಯೋದಾದ್ರ ಐವತ್ತು ಬೆರಳು ಹಿಡದ್ರೂ ಇಲ್ಲ. ಇಡೀ ಇಟ್ಕೊಂಡು ಓಡಸ್ತೀನಿ ಅಂದ್ರ ಮೂರು ಸಾಕು."

ಟವಲ್ ಕೆಳಗ ಒಪ್ಪಿದ ಮಾತು ಮುರಿದಾಂವ ಮತ್ತ ಸಂತ್ಯಾಗ ಮಾರಿ ತೋರ್ಸಾಂಗಿಲ್ಲ, ಅದು ಕೊಟ್ರೇಶಗೂ ಗೊತ್ತಿತ್ತು. ಕಡೀಕ ಮೂರು ಬೆರಳು ಗಟ್ಟಿಯಾಗಿ ಒತ್ತಿದ.

"ಹಂಗಾರ ಏಳು, ಸ್ಟೇರಿಂಗ್ ಹಿಡಿ," ಅಂತ ಪ್ರೇಮವ್ವ ಹಿಂದಿನ ಸೀಟು ಏರಿದ್ಲು. "ರಾಣೇಬೆನ್ನೂರು ಮಟಾ ನಾನೂ ಬರ್ತೇನಿ. ಹಾದ್ಯಾಗ ಒಂದು ಬೋಲ್ಟ್ ಉದುರಿದ್ರೂ ನೀನ ಇಳದು ಆರಿಸ್ಕೊಂಡು ಬರಬೇಕು, ಮಗನ."